ಮಾತ್ರೆ ಬಿಟ್ಟು ಸಂದರ್ಶನಕ್ಕೆ ಹೊರಟವರಿಗೆ

ನಿಮ್ಮ ಕಾಗದ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ. ಯಾರ ಮೇಲೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಉಳಿದ ಓದುಗರಿಗಾಗಿ ಸಂಗತಿ ಇಷ್ಟು. ಇವರಿಗೆ ಇಪ್ಪತ್ತೊಂಬತ್ತು ವರ್ಷ. ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದರು. ಖಿನ್ನತೆ ಬಂದು, ಬೆಳಿಗ್ಗೆ ಹಾಸಿಗೆಯಿಂದ ಏಳಲೂ ಆಗದೆ ಕೆಲಸ ಬಿಟ್ಟರು. ಚಿಕಿತ್ಸೆ ನಾಟಿತು, ಓದು, ಓಡಾಟ, ಜನರ ಜೊತೆ ಮಾತುಕತೆ ಒಂದೊಂದಾಗಿ ಮರಳಿವೆ. ಹದಿನೈದು ದಿನದಲ್ಲಿ ಒಂದು ಸಂದರ್ಶನವಿದೆ. ಅಣ್ಣ ದಿನಾ ರಾತ್ರಿ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ ತಾಲೀಮು ಮಾಡಿಸುತ್ತಾನೆ. ಎರಡು ವರ್ಷ ಎಲ್ಲಿದ್ದೆ ಎಂದು ಕೇಳಿದರೆ ‘ಪರೀಕ್ಷೆಗೆ ಓದುತ್ತಿದ್ದೆ’ ಅನ್ನಬೇಕಂತೆ. ಈಗ ಕೆಲವು ದಿನಗಳಿಂದ ಎದೆ ಡವಡವ, ತಲೆಸುತ್ತು, ನಿದ್ದೆ ಇಲ್ಲ, ಸಣ್ಣದಕ್ಕೂ ಅಳು. ‘ನನಗೆ ಆತ್ಮವಿಶ್ವಾಸವೇ ಇಲ್ಲ, ಹೇಗೆ ಬೆಳೆಸಿಕೊಳ್ಳಲಿ?’ ಎಂದು ಕೇಳಿದ್ದಾರೆ.

ಕಾಗದದ ಕೊನೆಯಲ್ಲಿ, ಆವರಣದೊಳಗೆ, ಇನ್ನೊಂದು ಸಾಲಿದೆ: ‘ಮುಖದಲ್ಲಿ ಮಂಪರು ಕಾಣಬಾರದು ಅಂತ ಅಣ್ಣ ಹೇಳಿದ್ದಕ್ಕೆ ಹೋದ ವಾರದಿಂದ ಮಾತ್ರೆ ನಿಲ್ಲಿಸಿದ್ದೇನೆ.’

ಅಲ್ಲಾ, ಇದನ್ನು ಆವರಣದೊಳಗೆ ಬರೆಯುವುದೇ?

ಖಿನ್ನತೆಯ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆಸುತ್ತು, ವಾಕರಿಕೆ, ನಿದ್ರಾಭಂಗ, ಗಾಬರಿ, ಸಿಡುಕು, ಅಳು ಕಾಣಿಸಿಕೊಳ್ಳಬಹುದು. ಕೆಲವರಿಗೆ ತಲೆಯಲ್ಲಿ ಕರೆಂಟು ಹೊಡೆದ ಹಾಗೂ ಆಗುತ್ತದೆ. ಬಿಡಬೇಕಾದಾಗಲೂ ವೈದ್ಯರು ಪ್ರಮಾಣವನ್ನು ಮೆಲ್ಲಗೆ ಇಳಿಸುವುದು ಇದಕ್ಕೇ. ಈಗ ನಿಮ್ಮ ಪಟ್ಟಿಯನ್ನು ನೀವೇ ಇನ್ನೊಮ್ಮೆ ಓದಿ. ಅದು ಬಿಟ್ಟ ಮಾತ್ರೆಯ ಪರಿಣಾಮವೋ, ಕಾಯಿಲೆ ಮರುಕಳಿಸುತ್ತಿರುವುದೋ, ಬರೀ ಸಂದರ್ಶನದ ಭಯವೋ ಎಂದು ಹೇಳಬೇಕಾದವರು ನಿಮ್ಮ ವೈದ್ಯರು. ನಾನಲ್ಲ, ನಿಮ್ಮಣ್ಣ ಅಂತೂ ಅಲ್ಲವೇ ಅಲ್ಲ. ಆದರೆ ವಿಚಾರಿಸುವ ಮೊದಲೇ ಎಲ್ಲವನ್ನೂ ‘ಆತ್ಮವಿಶ್ವಾಸ ಇಲ್ಲ’ ಎಂದು ನಿಮ್ಮ ತಲೆಗೇ ಕಟ್ಟಿಕೊಂಡಿದ್ದೀರಿ.

ಅಣ್ಣನ ಉದ್ದೇಶ ಒಳ್ಳೆಯದು ಎಂದು ಎರಡು ಕಡೆ ಬರೆದಿದ್ದೀರಿ. ಇರಲಿ. ಇನ್ನೊಬ್ಬರ ಮಾತ್ರೆಗೆ ಕೈ ಹಾಕುವವರೆಲ್ಲ ಹೆಚ್ಚಾಗಿ ಒಳ್ಳೆಯ ಉದ್ದೇಶದವರೇ. ಮಂಪರು ನಿಜವಾದ ತೊಂದರೆ, ಒಪ್ಪಿದೆ. ಅದಕ್ಕೆ ವೈದ್ಯರ ಹತ್ತಿರ ದಾರಿಗಳಿವೆ: ನುಂಗುವ ಹೊತ್ತು ಬದಲಿಸಬಹುದು, ಪ್ರಮಾಣ ಬದಲಿಸಬಹುದು, ಬೇರೆ ಔಷಧಿಯನ್ನೇ ಕೊಡಬಹುದು. ಅಣ್ಣನ ಹತ್ತಿರ ಒಂದೇ ದಾರಿ ಇತ್ತು, ಅದೂ ತಪ್ಪು ದಾರಿ.

ಆ ಪರೀಕ್ಷೆಯ ಕಥೆಯೂ ಅವನದೇ. ಸುಳ್ಳು ನೀತಿಯೋ ಅನೀತಿಯೋ ಎಂಬ ಚರ್ಚೆ ಬೇಡ. ಖಿನ್ನತೆಯಲ್ಲಿ ಮನಸ್ಸು ಹಗುರಾದ ಮೇಲೂ ಗಮನ, ನೆನಪು, ತಟ್ಟನೆ ಮಾತು ಹೊಳೆಯುವುದು ಹಲವರಲ್ಲಿ ನಿಧಾನವಾಗಿ ಸುಧಾರಿಸುತ್ತವೆ. ಯಾವ ಪರೀಕ್ಷೆ, ಯಾವಾಗ ಬರೆದಿರಿ, ಫಲಿತಾಂಶ ಏನಾಯಿತು ಎಂದು ಎದುರಿಗಿದ್ದವರು ಕೆದಕಿದರೆ ಸುಳ್ಳನ್ನು ಹೊತ್ತು ನಿಲ್ಲಬೇಕಾದದ್ದು ಇನ್ನೂ ದಣಿದಿರುವ ಆ ನೆನಪೇ. ‘ಆರೋಗ್ಯ ಸರಿಯಿರಲಿಲ್ಲ, ಬಿಡುವು ತೆಗೆದುಕೊಂಡೆ. ಈಗ ಸುಧಾರಿಸಿದ್ದೇನೆ, ಕೆಲಸಕ್ಕೆ ಬರಬಲ್ಲೆ.’ ಇಷ್ಟು ಸಾಕು. ಕಾಯಿಲೆಯ ಹೆಸರನ್ನು ನೀವಾಗಿ ಎತ್ತಬೇಕಿಲ್ಲ. ಇಷ್ಟು ಹೇಳಿ, ಮಾತನ್ನು ನೀವು ಬಲ್ಲ ಲೆಕ್ಕದ ಕಡೆಗೆ ತಿರುಗಿಸಿ.

ಈ ಅಂಕಣವನ್ನು ಓದುತ್ತಾ ಬಂದವರಿಗೆ ಗೊತ್ತು, ಕನ್ನಡಿಯ ಮುಂದೆ ನಿಂತು ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ಜಪಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಮೊದಲು ಧೈರ್ಯ ತುಂಬಿಕೊಂಡು ಆಮೇಲೆ ಹೊರಡೋಣ ಎಂದು ಕಾಯುವುದರಲ್ಲೂ ಇಲ್ಲ. ನನ್ನಿಂದಾಗುತ್ತದೆ ಎಂಬ ಭಾವನೆ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು. ಯಾರೋ ಹುರಿದುಂಬಿಸುವುದಕ್ಕಿಂತ, ತಾನೇ ಮಾಡಿ ನೋಡಿದ ಕೆಲಸದಿಂದಲೇ ಅದು ಗಟ್ಟಿಯಾಗುವುದು ಎಂದು ಅವರ ವಾದ. ತೀವ್ರ ಮಾನಸಿಕ ಕಾಯಿಲೆಯವರಿಗಾಗಿ ಅಮೆರಿಕದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ರೂಪಿಸಿದ ಉದ್ಯೋಗ ನೆರವಿನ ಪದ್ಧತಿಯಲ್ಲಿ ‘ನೀನಿನ್ನೂ ಸಿದ್ಧವಾಗಿಲ್ಲ’ ಎಂದು ಯಾರನ್ನೂ ಹೊರಗಿಡುವುದಿಲ್ಲ. ದುಡಿಯುವ ಮನಸ್ಸಿದ್ದರೆ ಸೀದಾ ಕೆಲಸ ಹುಡುಕಲು ಶುರು, ಕೆಲಸ ಸಿಕ್ಕ ಮೇಲೂ ನೆರವು, ಜೊತೆಜೊತೆಗೇ ಚಿಕಿತ್ಸೆ. ಮೊದಲು ತರಬೇತಿ, ಆಮೇಲೆ ಕೆಲಸ ಎನ್ನುವ ಹಳೆಯ ಕ್ರಮಕ್ಕಿಂತ ಇದರಲ್ಲಿ ಹೆಚ್ಚು ಜನ ಕೆಲಸಕ್ಕೆ ಸೇರಿದ್ದಾರೆ. ಚಿಕಿತ್ಸೆ ಅಲ್ಲಿ ಜೊತೆಗೇ ಇರುತ್ತದೆ, ಗಮನಿಸಿ. ಸಂದರ್ಶನಕ್ಕೆ ಅಡ್ಡ ಬಂತೆಂದು ಪಕ್ಕಕ್ಕೆ ಸರಿಸುವ ವಸ್ತು ಅದಲ್ಲ.

ಹೇಗೆ ಕೂರಬೇಕು, ಏನು ಉಡಬೇಕು, ಕೈ ನಡುಗಿದರೆ ಏನು ಮಾಡಬೇಕು ಎಂದೆಲ್ಲ ಕೇಳಿದ್ದೀರಿ. ಅದಕ್ಕೆ ಹದಿನೈದು ದಿನ ಇದೆ. ಇವತ್ತು ಮಾಡಬೇಕಾದದ್ದು ಒಂದೇ: ವೈದ್ಯರಿಗೆ ಫೋನ್ ಮಾಡಿ. ಮಾತ್ರೆಯ ಹೆಸರು, ನಿಲ್ಲಿಸಿದ ದಿನ, ಈಗ ಆಗುತ್ತಿರುವುದು, ಸಂದರ್ಶನದ ತಾರೀಕು, ನಾಲ್ಕನ್ನೂ ಹೇಳಿ. ಮತ್ತೆ ಹೇಗೆ ಶುರು ಮಾಡಬೇಕೆಂದು ಅವರೇ ಹೇಳಲಿ. ಬಿಟ್ಟುಹೋದ ದಿನಗಳದ್ದನ್ನು ಸೇರಿಸಿ ಒಟ್ಟಿಗೆ ನುಂಗಬೇಡಿ. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಫೋನಿಗೂ ಕಾಯಬೇಡಿ, ಒಬ್ಬರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ರಾತ್ರಿಯ ತಾಲೀಮು ಇವತ್ತಿನಿಂದ ಬಂದ್, ಆ ಹೊತ್ತಿಗೆ ಮಲಗಿ. ನಿಮ್ಮಣ್ಣನಿಗೆ ಏನಾದರೂ ಮಾಡಲೇಬೇಕು ಅನ್ನಿಸಿದರೆ, ಸಂದರ್ಶನದ ದಿನ ನಿಮ್ಮನ್ನು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಮುಟ್ಟಿಸಿ, ಹೊರಗೆ ಸುಮ್ಮನೆ ಕೂತಿರಲಿ.