ಕಾಡಿನ ಕಾಲುದಾರಿಯಲ್ಲಿ ಚಾರಣಿಗರಿಗೆ ಬಿಡುತ್ತಾರೆ, ಸೈಕಲ್‌ಗೆ ಯಾಕೆ ಬಿಡಲ್ಲ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಸಂರಕ್ಷಿತ ಕಾಡಿನ ಕಾಲುದಾರಿಯಲ್ಲಿ ನಡೆದು ಹೋಗುವವರಿಗೆ ತಡೆ ಇಲ್ಲ, ಸೈಕಲ್ ಕಂಡರೆ ಮಾತ್ರ ಗೇಟಿನಲ್ಲೇ ತಡೆಯುತ್ತಾರೆ. ಸೈಕಲ್ ಹೊಗೆ ಬಿಡಲ್ಲ, ಸದ್ದು ಮಾಡಲ್ಲ. ಮತ್ಯಾಕೆ ಈ ತಾರತಮ್ಯ? ಬೆಳಗಿನ ಜಾವ ಯಾರೂ ಇಲ್ಲದ ಹೊತ್ತಲ್ಲಿ ಸುಮ್ನೆ ಒಂದು ಸುತ್ತು ಹೊಡೆದು ಬಂದರೆ ಯಾರಿಗೇನು ನಷ್ಟ?

ನಾನು ಸೈಕಲ್ಲೂ ತುಳಿಯುತ್ತೇನೆ, ಚಾರಣಕ್ಕೂ ಹೋಗುತ್ತೇನೆ. ದಾರಿ ರಿಪೇರಿಗೆ ಬರುವ ಸ್ವಯಂಸೇವಕರ ಜೊತೆ ಗುದ್ದಲಿ ಹಿಡಿದೂ ಗೊತ್ತು. ಹಾಗಾಗಿ ನನ್ನ ಉತ್ತರ ಯಾವ ಕಡೆಯವರಿಗೂ ಪೂರ್ತಿ ಹಿಡಿಸಲಿಕ್ಕಿಲ್ಲ. ಒಂದೇ ಮಾತಲ್ಲಿ ಹೇಳುವುದಾದರೆ, ಸೈಕಲ್ ತಡೆಯಲು ಜನ ಕೊಡುವ ಕಾರಣ ಬಹಳ ಸಲ ತಪ್ಪಿರುತ್ತದೆ. ಆದರೆ ತಡೆ ತಪ್ಪಿರುವುದಿಲ್ಲ.

ಮೊದಲು ಮಣ್ಣಿನ ವಿಷಯ. ಚಕ್ರ ಹರಿದರೆ ದಾರಿ ಹಾಳಾಗುತ್ತದೆ ಅನ್ನುವುದು ಎಲ್ಲರ ಬಾಯಲ್ಲಿ ಬರುವ ಮೊದಲ ದೂರು. ಅಳೆದು ನೋಡಿದವರಿಗೆ ಹಾಗೆ ಕಂಡಿಲ್ಲ. ಅಮೆರಿಕದ ಮೊಂಟಾನಾದಲ್ಲಿ ವಿಲ್ಸನ್ ಮತ್ತು ಸೇನಿ ಎಂಬ ಇಬ್ಬರು ಕುದುರೆ, ಕಾಲ್ನಡಿಗೆ, ಸೈಕಲ್, ಮೋಟಾರ್‌ಸೈಕಲ್ ನಾಲ್ಕನ್ನೂ ಕಾಡಿನ ದಾರಿಗಳ ಮೇಲೆ ಓಡಾಡಿಸಿದರು. ಆಮೇಲೆ ಮಳೆಯಂತೆ ನೀರು ಸುರಿಸಿ ಎಷ್ಟು ಮಣ್ಣು ಕೊಚ್ಚಿಹೋಗುತ್ತದೆ ಅಂತ ಅಳೆದರು. 1994ರಲ್ಲಿ ಅದು ಪ್ರಕಟವಾಯಿತು. ಹೆಚ್ಚು ಮಣ್ಣು ಸಡಿಲವಾಗಿದ್ದು ಗೊರಸಿಗೆ ಮತ್ತು ಕಾಲಿಗೆ, ಚಕ್ರಕ್ಕಲ್ಲ. ಕೆನಡಾದ ಒಂಟಾರಿಯೊದಲ್ಲಿ ಗಿಡ ಬೆಳೆದಿದ್ದ ನೆಲದ ಮೇಲೆ 500 ಸಲದವರೆಗೂ ನಡೆದು, ಸೈಕಲ್ ಹರಿಸಿ ಹೋಲಿಸಿ ನೋಡಿದ್ದಾರೆ. 2001ರಲ್ಲಿ ಬಂದ ಆ ಅಧ್ಯಯನದಲ್ಲೂ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಂತ ಸೈಕಲ್ ಸವಾರರು ಕಾಲರ್ ಏರಿಸುವುದೂ ಬೇಡ. ನೇರ ಇಳಿಜಾರು ಮುಗಿದು ತಿರುವು ಶುರುವಾಗುವ ಜಾಗವನ್ನು ಒಮ್ಮೆ ಬಗ್ಗಿ ನೋಡಿ. ತಿರುವಿಗೆ ನಾಲ್ಕಾರು ಮೀಟರ್ ಮೊದಲು ನೆಲ ಅಲೆ ಅಲೆಯಾಗಿ ಎದ್ದಿರುತ್ತದೆ. ವೇಗವಾಗಿ ಬಂದು ಬ್ರೇಕ್ ಅದುಮಿದವರ ಗುರುತು ಅದು. ಹಿಂದಿನ ಚಕ್ರ ಲಾಕ್ ಆಗಿ ಜಾರಿದ ಕಡೆ ಉದ್ದಕ್ಕೆ ಒಂದು ಗೀರು ಬೀಳುತ್ತದೆ. ಮುಂದಿನ ಮಳೆಗೆ ನೀರು ಆ ಗೀರನ್ನೇ ಹಿಡಿಯುತ್ತದೆ. ಕೆಲವೇ ಮಳೆಯಲ್ಲಿ ಅದು ಕೊರಕಲಾಗುತ್ತದೆ. ಆ ಕೊರಕಲಿನಲ್ಲಿ ಕಾಲಿಡಲಾಗದೆ ಚಾರಣಿಗರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲೊಂದು ಎರಡನೇ ದಾರಿ ಹುಟ್ಟುತ್ತದೆ. ಈಗ ಹೇಳಿ, ದಾರಿ ಅಗಲ ಮಾಡಿದ್ದು ಯಾರು?

ನಿಜವಾಗಿ ದಾರಿಯನ್ನು ಕೊಲ್ಲುವುದು ನೀರು. ಗುಡ್ಡದ ಇಳಿಜಾರಿನಲ್ಲಿ ನೆಟ್ಟಗೆ ಕೆಳಗಿಳಿಯುವ ದಾರಿ ಮಾಡಿದರೆ ಯಾರೂ ಓಡಾಡದಿದ್ದರೂ ಅದು ಹಳ್ಳವಾಗುತ್ತದೆ. ದಾರಿ ಕಡಿಯುವವರು ಪಾಲಿಸುವ ಲೆಕ್ಕ ಒಂದಿದೆ: ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಇಳಿಜಾರು ಜಾಸ್ತಿ ಇರಬಾರದು. ಒಟ್ಟಾರೆ ಸರಾಸರಿ ಶೇಕಡಾ 10ರ ಆಸುಪಾಸಿನಲ್ಲಿರಬೇಕು. ಹೊರ ಅಂಚು ಸ್ವಲ್ಪ ತಗ್ಗಿರಬೇಕು, ನೀರು ದಾರಿಯುದ್ದ ಹರಿಯದೆ ಅಡ್ಡ ದಾಟಿ ಹೋಗಬೇಕು. ಹೀಗೆ ಮಾಡಿದ ದಾರಿ ಕಾಲನ್ನೂ ತಾಳಿಕೊಳ್ಳುತ್ತದೆ, ಚಕ್ರವನ್ನೂ ತಾಳಿಕೊಳ್ಳುತ್ತದೆ. ಮಳೆ ನಿಂತ ಮೇಲೆ ಕೆಸರು ಒಣಗುವ ತನಕ ಇಬ್ಬರೂ ದೂರ ಇದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ತಡೆ ಯಾಕೆ? ನನ್ನ ಮಟ್ಟಿಗೆ ಅಸಲಿ ಕಾರಣ ವೇಗ.

ಲೆಕ್ಕ ಹಾಕೋಣ. ಇಳಿಜಾರಿನಲ್ಲಿ ಗಂಟೆಗೆ 20 ಕಿಲೋಮೀಟರ್ ಅಂದರೆ ಸೈಕಲ್ ಸವಾರನಿಗೆ ಏನೇನೂ ಅಲ್ಲ, ಆರಾಮದ ವೇಗ. ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ಎದುರಿನಿಂದ ಬರುವವರು ನಡೆದು ಬರುತ್ತಿದ್ದಾರೆ, ಅವರದು ಸೆಕೆಂಡಿಗೆ ಒಂದೂವರೆ ಮೀಟರ್ ಹತ್ತಿರ. ಎರಡೂ ಸೇರಿ 7 ಮೀಟರ್. ಪೊದೆ ಬೆಳೆದ ತಿರುವಿನಲ್ಲಿ 14 ಮೀಟರ್ ಕಾಣಿಸಿದರೆ ಅದೇ ಪುಣ್ಯ. ಅಂದರೆ ಒಬ್ಬರಿಗೊಬ್ಬರು ಕಾಣಿಸಿದ ಮೇಲೆ ಇರುವುದು 2 ಸೆಕೆಂಡ್. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಖರ್ಚು. ಇನ್ನೊಂದು ಸೆಕೆಂಡಿನಲ್ಲಿ ಸಡಿಲ ಮಣ್ಣಿನ ಮೇಲೆ ಸೈಕಲ್ ನಿಲ್ಲಬೇಕು. ಒಂದು ಕಡೆ ಗೋಡೆಯಂಥ ದಿಬ್ಬ, ಇನ್ನೊಂದು ಕಡೆ ಇಳುಕಲು, ನಡುವೆ ಒಂದಡಿ ಅಗಲದ ದಾರಿ. ಎದುರಿಗಿರುವವರು ಮೊಮ್ಮಗುವಿನ ಕೈ ಹಿಡಿದ ಅಜ್ಜಿ ಆಗಿರಬಹುದು.

‘ನಾನು ಇಷ್ಟು ವರ್ಷದಲ್ಲಿ ಒಬ್ಬರಿಗೂ ಡಿಕ್ಕಿ ಹೊಡೆದಿಲ್ಲ’ ಅಂತ ಸವಾರರು ಹೇಳುತ್ತಾರೆ. ನಿಜವೇ ಇರಬಹುದು. ಆದರೆ ಚಾರಣಿಗರ ದೂರು ಡಿಕ್ಕಿಯದ್ದಲ್ಲ. ಹಿಂದಿನಿಂದ ಸದ್ದಿಲ್ಲದೆ ಬಂದು ಪಕ್ಕದಲ್ಲೇ ಸರ್ರನೆ ಹಾದುಹೋದಾಗ ಎದೆ ಧಸಕ್ಕೆನ್ನುತ್ತದಲ್ಲ, ಅದು. ಅದಾದ ಮೇಲೆ ಆ ಮನುಷ್ಯ ಹಕ್ಕಿ ನೋಡುವುದಿಲ್ಲ, ಪ್ರತಿ ತಿರುವಿನಲ್ಲೂ ಕಿವಿ ನಿಮಿರಿಸಿಕೊಂಡೇ ನಡೆಯುತ್ತಾನೆ. ಸದ್ದಿಲ್ಲ ಅನ್ನುವುದನ್ನು ನೀವು ಸೈಕಲ್‌ನ ಒಳ್ಳೆಯ ಗುಣ ಅಂತ ಬರೆದಿದ್ದೀರಿ. ಕಾಲುದಾರಿಯಲ್ಲಿ ಅದೇ ತೊಂದರೆ. ಹ್ಯಾಂಡಲ್‌ಗೆ ಚಿಕ್ಕ ಬೆಲ್ ಕಟ್ಟಿಕೊಳ್ಳುವವರನ್ನು ನೋಡಿ ಕೆಲವರು ನಗುತ್ತಾರೆ. ನನಗಂತೂ ಅದಕ್ಕಿಂತ ಅಗ್ಗದ ಉಪಾಯ ಗೊತ್ತಿಲ್ಲ.

ಇನ್ನು ಪ್ರಾಣಿಗಳು. ಇಲ್ಲಿ ಫಲಿತಾಂಶಗಳು ಒಂದೇ ಥರ ಇಲ್ಲ. ಅಮೆರಿಕದ ಯೂಟಾದ ಆಂಟಿಲೋಪ್ ದ್ವೀಪದಲ್ಲಿ ಟೇಲರ್ ಮತ್ತು ನೈಟ್ ಎಂಬುವರು ಕಾಡೆಮ್ಮೆ ಜಾತಿಯ ಬೈಸನ್, ಮ್ಯೂಲ್ ಜಿಂಕೆ, ಪ್ರಾಂಗ್‌ಹಾರ್ನ್ ಮೂರನ್ನೂ ಗಮನಿಸಿ 2003ರಲ್ಲಿ ಬರೆದರು. ನಡೆದು ಬಂದವರಿಗೂ ಸೈಕಲ್‌ನಲ್ಲಿ ಬಂದವರಿಗೂ ಅವು ಹೆಚ್ಚುಕಡಿಮೆ ಒಂದೇ ರೀತಿ ಬೆದರಿದವು. ದಾರಿ ಬಿಟ್ಟು ಒಳಗೆ ಬಂದವರನ್ನು ಕಂಡಾಗ ಮಾತ್ರ ಕಥೆ ಬೇರೆ: 100 ಮೀಟರ್ ಒಳಗಿದ್ದ ಮ್ಯೂಲ್ ಜಿಂಕೆ ಓಡಿಹೋಗುವ ಸಾಧ್ಯತೆ ಶೇಕಡಾ 96. ಅದೇ ಅಧ್ಯಯನದಲ್ಲಿ ಬಂದವರನ್ನೂ ಮಾತಾಡಿಸಿದ್ದರು. ಪ್ರಾಣಿಗಳಿಗೆ ತೊಂದರೆ ಕೊಡುವವರು ಯಾರು ಅಂದರೆ ಪ್ರತಿ ಗುಂಪಿನವರೂ ಬೇರೆ ಗುಂಪಿನವರ ಕಡೆ ಬೆರಳು ತೋರಿಸಿದರಂತೆ. ಓದಿ ನಕ್ಕಿದ್ದೆ.

ಆದರೆ ಅಮೆರಿಕದ್ದೇ ಒರೆಗಾನ್ ರಾಜ್ಯದ ಸ್ಟಾರ್ಕಿ ಅರಣ್ಯದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳಿಗೆ ರೇಡಿಯೋ ಪಟ್ಟಿ ಕಟ್ಟಿ ನೋಡಿದಾಗ, ನಡೆಯುವವರಿಗಿಂತ ಸೈಕಲ್‌ನವರಿಗೆ ಅವು ಹೆಚ್ಚು ಹೆದರಿ ದೂರ ಸರಿದವು. ಇದಕ್ಕೆ ಇನ್ನೊಂದು ಮಾತು ಸೇರಿಸಿ. ನಡೆಯುವವರು ಅರ್ಧ ದಿನದಲ್ಲಿ ಹತ್ತು ಕಿಲೋಮೀಟರ್ ಹೋದರೆ, ಸೈಕಲ್ ಸವಾರ ಅಷ್ಟೇ ಹೊತ್ತಲ್ಲಿ ಅದರ ಮೂರು ಪಟ್ಟು ಹೋಗಬಲ್ಲ. ಒಂದೊಂದು ಸಲದ ಗಾಬರಿ ಸಮಾನವೇ ಇದ್ದರೂ, ಬೆದರುವ ಪ್ರಾಣಿಗಳ ಸಂಖ್ಯೆ ಜಾಸ್ತಿ. ಜನ ಕಷ್ಟಪಟ್ಟು ತಲುಪುವ ಒಳಗಿನ ಕಾಡು ಸೈಕಲ್‌ಗೆ ಒಂದು ಬೆಳಗಿನ ಸವಾರಿ ಅಷ್ಟೇ. ಸಂರಕ್ಷಿತ ಕಾಡನ್ನು ನೋಡಿಕೊಳ್ಳುವವರಿಗೆ ತಲೆನೋವು ತರುವುದು ಇದೇ.

ಈಗ ನಿಮ್ಮ ಬೆಳಗಿನ ಜಾವದ ಪ್ಲಾನ್. ದಯವಿಟ್ಟು ಬೇಡ. ಜನ ಇಲ್ಲದ ಹೊತ್ತು ಅಂದರೆ ಕಾಡಿಗೆ ಅದೇ ಪೇಟೆಯ ಹೊತ್ತು. ಬಹಳಷ್ಟು ಸಸ್ತನಿಗಳು ಮೇಯಲು, ನೀರು ಕುಡಿಯಲು ಓಡಾಡುವುದು ಮುಂಜಾನೆ ಮತ್ತು ಮುಸ್ಸಂಜೆ. ಅವೂ ನಮ್ಮ ಕಾಲುದಾರಿಯನ್ನೇ ಬಳಸುತ್ತವೆ, ನಡೆಯಲು ಸಲೀಸು ನೋಡಿ. ಮಬ್ಬು ಬೆಳಕಲ್ಲಿ, ವೇಗದಲ್ಲಿ, ಸದ್ದಿಲ್ಲದೆ ತಿರುವು ದಾಟಿದರೆ ಎದುರಿಗೆ ಸಿಗುವುದು ಅಜ್ಜಿಯೇ ಆಗಬೇಕೆಂದಿಲ್ಲ. ಮರಿ ಜೊತೆಗಿರುವ ದೊಡ್ಡ ಪ್ರಾಣಿ ಸಿಕ್ಕರೆ ನಿಮಗೂ ಕಷ್ಟ, ಅದಕ್ಕೂ ಕಷ್ಟ.

ಕದ್ದು ಹೋಗುವುದರಿಂದ ಇನ್ನೊಂದು ನಷ್ಟ ಇದೆ. ಟೈರ್ ಗುರುತು ಅಳಿಸುವುದಿಲ್ಲ. ಮುಂದೆ ಯಾವಾಗಲೋ ಸೈಕಲ್ ಗುಂಪಿನವರು ಒಂದು ದಾರಿಯನ್ನಾದರೂ ತೆರೆಯಿರಿ ಅಂತ ಕೇಳಲು ಹೋದಾಗ, ಮೇಜಿನ ಮೇಲೆ ಮೊದಲು ಬೀಳುವುದು ಆ ಗುರುತಿನ ಫೋಟೋಗಳೇ. ಸೈಕಲ್ ಬೇಡ ಅನ್ನುವ ಬೋರ್ಡ್ ಇದ್ದಾಗಲೇ ಹೀಗೆ, ತೆಗೆದರೆ ಹೇಗೆ ಅನ್ನುತ್ತಾರೆ. ಉತ್ತರ ಇರುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಅಂದರೆ ಕಳ್ಳದಾರಿ ಕಡಿಯುವುದು. ಗಿಡ ಸವರಿ, ಜಂಪ್ ಕಟ್ಟಿ ತಮ್ಮದೇ ದಾರಿ ಮಾಡಿಕೊಳ್ಳುವವರಿದ್ದಾರೆ. ಇರುವ ದಾರಿಯ ಮೇಲೆ ಚಕ್ರ ಹರಿಯುವುದಕ್ಕೂ, ಇಲ್ಲದ ಕಡೆ ಕಾಡನ್ನು ಸೀಳುವುದಕ್ಕೂ ಹೋಲಿಕೆಯೇ ಇಲ್ಲ.

ಕಾನೂನು ಒಂದೊಂದು ಕಡೆ ಒಂದೊಂದು ಥರ. ಅಮೆರಿಕದಲ್ಲಿ 1964ರ ವನ್ಯಪ್ರದೇಶ ಕಾಯ್ದೆ ಮೋಟಾರು ವಾಹನದ ಜೊತೆಗೆ ‘ಬೇರೆ ಯಾವುದೇ ಯಾಂತ್ರಿಕ ಸಾರಿಗೆ’ಯನ್ನೂ ನಿಷೇಧಿಸಿತು. ಆಗ ಮೌಂಟನ್ ಬೈಕ್ ಅನ್ನುವುದೇ ಇರಲಿಲ್ಲ. ಸೈಕಲ್ ಇದರಲ್ಲಿ ಬರುತ್ತದೋ ಇಲ್ಲವೋ ಅಂತ ಜಗ್ಗಾಟ ನಡೆದು, 1984ರಲ್ಲಿ ಅಲ್ಲಿನ ಅರಣ್ಯ ಸೇವೆ ಸೈಕಲ್ ಇಲ್ಲ ಅಂತ ಖಚಿತ ಮಾಡಿತು. ಅಲ್ಲಿ ಓಡಿಸುವುದಿರಲಿ, ಇಟ್ಟುಕೊಂಡಿರುವುದೂ ತಪ್ಪು, ತಳ್ಳಿಕೊಂಡು ಹೋಗುವಂತಿಲ್ಲ. ಗಾಲಿಕುರ್ಚಿಗೆ ಮಾತ್ರ 1990ರ ಅಂಗವಿಕಲರ ಕಾಯ್ದೆಯಲ್ಲಿ ಸ್ಪಷ್ಟ ಅವಕಾಶ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರ ಕಾಯ್ದೆ ಕುದುರೆ ದಾರಿಗಳಲ್ಲಿ ಸೈಕಲ್‌ಗೆ ಅವಕಾಶ ಕೊಟ್ಟಿತು, ಆದರೆ ನಡೆಯುವವರಿಗೂ ಕುದುರೆಗೂ ದಾರಿ ಬಿಡಲೇಬೇಕು. ಬರೀ ಕಾಲುದಾರಿಯಲ್ಲಿ ಆ ಹಕ್ಕಿಲ್ಲ. ಪಕ್ಕದ ಸ್ಕಾಟ್ಲೆಂಡ್‌ನಲ್ಲಿ 2003ರ ಕಾಯ್ದೆ ಬಂದ ಮೇಲೆ ಜವಾಬ್ದಾರಿಯಿಂದ ನಡೆದುಕೊಂಡರೆ ಕಾಲಿಗೂ ಸೈಕಲ್‌ಗೂ ಒಂದೇ ಹಕ್ಕು. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಅಳತೆಪಟ್ಟಿ ಹಿಡಿದಿದೆ: ಕಾಡಿನ ದಾರಿ 2 ಮೀಟರ್‌ಗಿಂತ ಕಿರಿದಾಗಿದ್ದರೆ ಸಾಮಾನ್ಯವಾಗಿ ಸೈಕಲ್ ಇಲ್ಲ. ಖಾಸಗಿ ಟ್ರಸ್ಟ್‌ಗಳ ಕಾಡಾದರೆ ಜಮೀನು ದಾನ ಕೊಟ್ಟವರು ಪತ್ರದಲ್ಲೇ ಷರತ್ತು ಬರೆದಿರುತ್ತಾರೆ. ಆಗ ಮ್ಯಾನೇಜರ್ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ, ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಹಂಚಿಕೊಳ್ಳಲು ಆಗುವುದೇ ಇಲ್ಲ ಅಂತಲ್ಲ. ಅಮೆರಿಕದ ಟಾಹೋ ಸರೋವರದ ಸುತ್ತಿನ ದಾರಿಯ ಒಂದು ಭಾಗದಲ್ಲಿ ಸಮಸಂಖ್ಯೆಯ ತಾರೀಖಿನಂದು ಮಾತ್ರ ಸೈಕಲ್ ಬಿಡುತ್ತಾರೆ. ಸೈಕಲ್ ಬೇಡ ಅನ್ನುವವರು ಬೆಸ ತಾರೀಖು ನೋಡಿ ಹೋದರಾಯಿತು. ನನಗೆ ಇಷ್ಟವಾದ ಏರ್ಪಾಡು ಇದು, ಖರ್ಚಿಲ್ಲ, ಕ್ಯಾಲೆಂಡರ್ ಸಾಕು. ಕೆಲವು ಕಡೆ ಸೈಕಲ್‌ಗೆ ಒಂದೇ ದಿಕ್ಕು ಅಂತ ಮಾಡಿ, ಚಾರಣಿಗರನ್ನು ಅದರ ಎದುರು ದಿಕ್ಕಿನಲ್ಲಿ ಕಳಿಸುತ್ತಾರೆ. ಹಿಂದಿನಿಂದ ಬಂದು ಬೆಚ್ಚಿಬೀಳಿಸುವ ಪ್ರಶ್ನೆಯೇ ಇಲ್ಲ.

ಅನುಮತಿ ಇರುವ ದಾರಿಯಲ್ಲಿ ನಡಾವಳಿ ಬಹುತೇಕ ಕಡೆ ಒಂದೇ: ಸೈಕಲ್ ಎಲ್ಲರಿಗೂ ದಾರಿ ಬಿಡಬೇಕು, ಚಾರಣಿಗರು ಕುದುರೆಗೆ ದಾರಿ ಬಿಡಬೇಕು. ದಾರಿ ಬಿಡುವುದು ಅಂದರೆ ನಿಧಾನ ಮಾಡಿ ಒಂದು ಕಾಲು ನೆಲಕ್ಕೆ ಊರಿ ನಿಲ್ಲುವುದು. ಪೊದೆಯೊಳಗೆ ಸೈಕಲ್ ನುಗ್ಗಿಸಿ ಸುತ್ತು ಹಾಕುವುದಲ್ಲ. ಹಿಂದಿನಿಂದ ಬಂದರೆ ದೂರದಿಂದಲೇ ‘ನಮಸ್ಕಾರ, ಸೈಕಲ್ ಬರ್ತಿದೆ, ಹಿಂದೆ ಇನ್ನಿಬ್ಬರಿದ್ದಾರೆ’ ಅಂತ ಹೇಳಿ. ಆ ‘ಇನ್ನಿಬ್ಬರು’ ಅನ್ನುವುದು ಮುಖ್ಯ. ಮೊದಲನೆಯವನು ಹೋದ ಅಂತ ನಡುದಾರಿಗೆ ಬಂದವರಿಗೆ ಎರಡನೆಯವನು ಗುದ್ದುವುದೇ ಹೆಚ್ಚು. ಕುದುರೆ ಕಂಡರೆ ಇಳಿದು, ಇಳುಕಲಿನ ಕಡೆ ನಿಂತು ಮಾತಾಡಿ. ದನಿ ಕೇಳಿದರೆ ಅದಕ್ಕೆ ಮನುಷ್ಯ ಅಂತ ತಿಳಿಯುತ್ತದೆ. ಚಾರಣಿಗರಿಗೂ ಒಂದು ಮಾತು: ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಾಲ್ಕು ಜನ ಸಾಲಾಗಿ ದಾರಿ ತುಂಬಿಕೊಂಡು ನಡೆದರೆ ಬೆಲ್ ಬಾರಿಸಿದವನು ಏನು ಮಾಡಬೇಕು?

ನಿಮ್ಮ ಕಾಡಿಗೆ ಬರೋಣ. ಕೇಳುವುದಾದರೆ ‘ಸೈಕಲ್‌ಗೆ ಅವಕಾಶ ಕೊಡಿ’ ಅಂತ ಸಾರಾಸಗಟಾಗಿ ಕೇಳಬೇಡಿ. ಒಂದು ದಾರಿ ಆರಿಸಿ. ಅಂಚಿನಲ್ಲಿರುವ, ಅಗಲವಾದ, ತಿರುವಿನಲ್ಲೂ ದೂರ ಕಾಣುವ ದಾರಿಯಾಗಿರಲಿ, ಹಳೆಯ ಜೀಪ್ ರಸ್ತೆಯಾದರೆ ಇನ್ನೂ ಸಲೀಸು. ಪ್ರಾಣಿಗಳು ಮರಿ ಹಾಕುವ ತಿಂಗಳುಗಳಲ್ಲಿ ಬರುವುದಿಲ್ಲ, ಮಳೆ ಬಂದ ಮರುದಿನ ಬರುವುದಿಲ್ಲ ಅಂತ ನೀವೇ ಬರೆದುಕೊಡಿ. ಒಂದು ಋತುವಿಗೆ ಪ್ರಯೋಗವಾಗಿ ಬಿಟ್ಟು ನೋಡಿ ಅನ್ನಿ. ಅದಕ್ಕೂ ಮೊದಲು ದಾರಿ ರಿಪೇರಿಯ ದಿನ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಚರಂಡಿ ಬಿಡಿಸಿ. ಅಲ್ಲಿ ಚಾರಣಿಗರೂ ಸಿಗುತ್ತಾರೆ. ಜೊತೆಯಲ್ಲಿ ಮಣ್ಣು ಹೊತ್ತವರು ಆಮೇಲೆ ಸಭೆಯಲ್ಲಿ ಅಷ್ಟು ಜೋರಾಗಿ ವಿರೋಧಿಸುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮದು ಬ್ಯಾಟರಿ ಸೈಕಲ್ ಆದರೆ ಅದನ್ನು ಮೊದಲೇ ಹೇಳಿ. ಮಾಮೂಲಿ ಸೈಕಲ್‌ಗೆ ತೆರೆದ ದಾರಿ ಮೋಟಾರ್ ಇರುವುದಕ್ಕೂ ತೆರೆದಿದೆ ಅಂತ ಅಂದುಕೊಳ್ಳುವಂತಿಲ್ಲ. ಬಹಳ ಕಡೆ ಅದಕ್ಕೆ ಬೇರೆಯೇ ನಿಯಮ ಇದೆ. ಯೂರೋಪಿನಲ್ಲಿ 250 ವಾಟ್, ಗಂಟೆಗೆ 25 ಕಿಲೋಮೀಟರ್ ತನಕ ಸಹಾಯ ಮಾಡುವ ಗಾಡಿಯನ್ನು ಸೈಕಲ್ ಅಂತಲೇ ಲೆಕ್ಕ ಹಾಕುತ್ತಾರೆ, ಅಮೆರಿಕದಲ್ಲಿ ಮೂರು ದರ್ಜೆ ಮಾಡಿದ್ದಾರೆ. ನಿಮ್ಮ ಕಾಡಿನವರು ಯಾವ ಲೆಕ್ಕ ಹಿಡಿಯುತ್ತಾರೆ ಅಂತ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ಗೇಟಿನಲ್ಲಿ ಕಾವಲಿನವರು ಬದಲಾದಾಗ ಆ ಕಾಗದವೇ ಬೇಕಾಗುತ್ತದೆ.