ಗಂಡನ ಮನೆ ಜತ್ತ, ತವರು ಅಥಣಿ: ಕೇಸು ಎಲ್ಲಿ ಹಾಕಬೇಕು?

ನೀವು ಕೇಳಿದ್ದು ಇಷ್ಟು: ಹುಡುಗಿಯನ್ನು ಮಹಾರಾಷ್ಟ್ರಕ್ಕೆ ಕೊಟ್ಟಿದ್ದಾರೆ, ಹೊಡೆತ ತಾಳಲಾರದೆ ತವರಿಗೆ ಬಂದು ಕೂತಿದ್ದಾಳೆ, ಕೇಸಿಗಾಗಿ ಮತ್ತೆ ಅಲ್ಲಿಗೇ ಅಲೆಯಬೇಕೇ? ಬೇಡ. ಈಗ ಅವಳು ಎಲ್ಲಿದ್ದಾಳೋ ಅಲ್ಲಿಯ ಕೋರ್ಟಿನಲ್ಲೇ ಹಾಕಬಹುದು. ಆದರೆ ಇದಿಷ್ಟನ್ನೇ ತಿಳಿದು ಕೇಸು ಹಾಕಿದವರು ವರ್ಷಗಟ್ಟಲೆ ತಾರೀಖು ಹಿಡಿದು ಓಡಾಡುವುದನ್ನು ನಮ್ಮ ಕಡೆ ದಿನಾ ನೋಡುತ್ತೇವೆ. ಗಡಿ ತೊಡಕಾಗುವುದು ಕೇಸು ಹಾಕುವಾಗಲ್ಲ, ಸಮನ್ಸು ಮುಟ್ಟಿಸುವಾಗ ಮತ್ತು ಹಣ ವಸೂಲಿ ಮಾಡುವಾಗ. ಅದಕ್ಕೆ ಬೇಕಾದ ತಯಾರಿಯನ್ನು ಅರ್ಜಿ ಬರೆಯುವ ದಿನವೇ ಮಾಡಿಕೊಳ್ಳಬೇಕು.

ಹೊರಗಿನವರಿಗೆ ಇಲ್ಲಿಯ ಸಂಬಂಧಗಳು ಗೊತ್ತಿರುವುದಿಲ್ಲ. ಈಚೆ ಕರ್ನಾಟಕದಲ್ಲಿ ಅಥಣಿ, ಕಾಗವಾಡ, ಇಂಡಿ, ಚಡಚಣ. ಆಚೆ ಮಹಾರಾಷ್ಟ್ರದಲ್ಲಿ ಜತ್ತ, ಮಿರಜ, ಮಂಗಳವೇಢೆ, ಅಕ್ಕಲಕೋಟ. ಕೊಟ್ಟು ತರುವುದು ತಲೆಮಾರುಗಳಿಂದ ನಡೆದಿದೆ. ಜತ್ತದ ಪೂರ್ವದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಅತ್ತೆ ಎಂದರೆ ಎಷ್ಟೋ ಸಲ ಸ್ವಂತ ಸೋದರತ್ತೆಯೇ ಆಗಿರುತ್ತಾಳೆ. ಹಾಗಾಗಿ ಹೊಡೆತದ ಸುದ್ದಿ ಮೊದಲು ಹೋಗುವುದು ಠಾಣೆಗಲ್ಲ, ಹಿರಿಯರ ಪಂಚಾಯಿತಿಗೆ. ಅಲ್ಲಿ ಎರಡು ಮೂರು ಸಲ ಬುದ್ಧಿ ಹೇಳಿ ಕಳಿಸುತ್ತಾರೆ. ನಾಲ್ಕನೆಯ ಸಲ ಬಾಂಡ್ ಪೇಪರ್ ತರಿಸಿ, ‘ನನಗೂ ಇವರಿಗೂ ಇನ್ನು ಸಂಬಂಧವಿಲ್ಲ, ಪೋಟಗಿ ಕೇಳುವುದಿಲ್ಲ’ ಎಂದು ಬರೆಸಿ ಸಹಿ ಹಾಕಿಸುತ್ತಾರೆ. ಇದಕ್ಕೆ ಸೋಡಚೀಟಿ ಎನ್ನುತ್ತಾರೆ. ಪೋಟಗಿ ಎಂದರೆ ಜೀವನಾಂಶ.

ಈ ಚೀಟಿಯಿಂದ ಹಿಂದೂ ಮದುವೆ ಮುರಿಯುವುದಿಲ್ಲ. ಆ ಸಮಾಜದಲ್ಲಿ ಅಂಥ ರೂಢಿ ಹಿಂದಿನಿಂದ ಇದೆ ಎಂದು ಕೋರ್ಟಿನಲ್ಲಿ ಸಾಕ್ಷಿ ಸಮೇತ ಸಾಬೀತು ಮಾಡಿದರೆ ಮಾತ್ರ ಅದಕ್ಕೆ ಬೆಲೆ. ಪೋಟಗಿ ಕೇಳುವುದಿಲ್ಲ ಎಂದು ಬರೆದುಕೊಟ್ಟ ಮಾತ್ರಕ್ಕೆ ಕಾನೂನು ಕೊಟ್ಟ ಹಕ್ಕು ಹೋಗುವುದಿಲ್ಲ ಎಂದೂ ಕೋರ್ಟುಗಳು ಹೇಳುತ್ತ ಬಂದಿವೆ. ಆದ್ದರಿಂದ ಸಹಿ ಹಾಕಬಾರದು. ಈಗಾಗಲೇ ಹಾಕಿದ್ದರೆ ಅದರ ಝೆರಾಕ್ಸ್ ತೆಗೆದು ಮೊದಲ ದಿನವೇ ವಕೀಲರಿಗೆ ಕೊಡಬೇಕು. ಮುಚ್ಚಿಟ್ಟರೆ ಎದುರಿನವರು ಅದನ್ನೇ ಮೊದಲು ತೆಗೆದು ತೋರಿಸುತ್ತಾರೆ, ಆಗ ಅವಳು ಹೇಳುವ ನಿಜಕ್ಕೂ ಸುಳ್ಳಿನ ಬಣ್ಣ ಬರುತ್ತದೆ.

ಈಗ ಕಾನೂನಿಗೆ ಬರೋಣ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ವಕೀಲರ ಬಾಯಲ್ಲಿ ಅದು ಡಿ.ವಿ. ಕೇಸು. ಅದರ 27ನೇ ಕಲಮಿನ ಪ್ರಕಾರ ಮಹಿಳೆ ಕಾಯಂ ಆಗಿ ಇರಲಿ, ತಾತ್ಕಾಲಿಕವಾಗಿ ಇರಲಿ, ವಾಸವಿರುವ ಊರಿನ ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅಧಿಕಾರವಿದೆ. ಆ ಕೋರ್ಟಿನ ಆದೇಶ ಭಾರತದ ಉದ್ದಗಲಕ್ಕೂ ನಡೆಯುತ್ತದೆ. ಆಧಾರ್ ಕಾರ್ಡಿನಲ್ಲಿ ಇನ್ನೂ ಜತ್ತದ ವಿಳಾಸವಿದೆ ಎಂದು ಎಷ್ಟೋ ಜನ ಮೊದಲು ಅದನ್ನು ಬದಲಿಸಲು ಹೊರಡುತ್ತಾರೆ. ಬದಲಿಸಬೇಡಿ. ಗಂಡನ ಮನೆಯಲ್ಲಿ ಬಾಳಿದ್ದಕ್ಕೆ ಅದೇ ಒಳ್ಳೆಯ ಪುರಾವೆ. ತವರಿನ ವಾಸಕ್ಕೆ ಗ್ರಾಮ ಪಂಚಾಯಿತಿಯ ವಾಸದ ದಾಖಲೆ, ಮಗುವನ್ನು ಇಲ್ಲಿಯ ಶಾಲೆಗೆ ಹಾಕಿದ್ದರೆ ಅದರ ಪ್ರಮಾಣಪತ್ರ, ಜೊತೆಗೆ ಅವಳದೇ ಅಫಿಡವಿಟ್ ಸಾಕಾಗುತ್ತದೆ. ಮದುವೆ ನೋಂದಣಿಯಾಗಿಲ್ಲ, ಉಡಿಕೆಯಾಗಿ (ಮರುಮದುವೆಯಾಗಿ) ಹೋದವಳು ಎಂದು ಹೆದರಿಸಿದರೂ ಹಿಂಜರಿಯಬೇಕಿಲ್ಲ. ಮದುವೆಯಂಥ ಸಂಬಂಧದಲ್ಲಿ ಒಂದೇ ಮನೆಯಲ್ಲಿ ಬಾಳಿದ್ದರೂ ಈ ಕಾಯ್ದೆ ಅನ್ವಯಿಸುತ್ತದೆ.

ವಕೀಲರ ಖರ್ಚಿಗೆ ಒಡವೆ ಅಡವಿಡುವ ಅಗತ್ಯವೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರೂ ನಡೆಯುತ್ತದೆ. ಫೋನಿನಲ್ಲಿ ಕೇಳುವುದಾದರೆ 15100. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಕರ್ನಾಟಕದಲ್ಲಿ ಸಿ.ಡಿ.ಪಿ.ಓ. (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅವರು ನಮೂನೆ 1ರಲ್ಲಿ ಕೌಟುಂಬಿಕ ಘಟನಾ ವರದಿ ಬರೆದು ಕೋರ್ಟಿಗೆ ಕಳಿಸುತ್ತಾರೆ. ಅವರು ಮೀಟಿಂಗಿಗೆ ಹೋಗಿದ್ದಾರೆ, ಮುಂದಿನ ವಾರ ಬನ್ನಿ ಎಂದರೆ ಕಾಯುತ್ತ ಕೂಡಬೇಡಿ. ಆ ವರದಿ ಇಲ್ಲದೆಯೂ ಅರ್ಜಿ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಅರ್ಜಿ ನಮೂನೆ 2ರಲ್ಲಿ. ಅದರ ಜೊತೆ ನಮೂನೆ 3ರ ಅಫಿಡವಿಟ್ ಹಾಕಿ ಮಧ್ಯಂತರ ಆದೇಶ ಕೇಳಲೇಬೇಕು. ಇದನ್ನು ಬಿಟ್ಟರೆ ಕೊನೆಯ ತೀರ್ಪಿನವರೆಗೂ ಕೈಗೆ ಒಂದು ರೂಪಾಯಿ ಬರುವುದಿಲ್ಲ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದಲ್ಲಿ ಆಗಬೇಕು, ಅಲ್ಲಿಂದ 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ಅಷ್ಟು ಬೇಗ ಮುಗಿಯುವುದು ಅಪರೂಪ. ಆದಾಯ, ಆಸ್ತಿಯ ಅಫಿಡವಿಟ್ಟನ್ನೂ ಅವತ್ತೇ ಹಾಕಿ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಇದನ್ನು ಕಡ್ಡಾಯ ಮಾಡಿತು, ಒಕ್ಕಲುತನದವರಿಗೆ ಬೇರೆಯದೇ ನಮೂನೆ ಕೊಟ್ಟಿದೆ. ನಮ್ಮ ಭಾಗದಲ್ಲಿ ಪಟ್ಟಣದ ನೌಕರರ ನಮೂನೆಯನ್ನೇ ತುಂಬಿಸಿಬಿಡುತ್ತಾರೆ. ಅದರಲ್ಲಿ ಸಂಬಳದ ಕಾಲಮು ಖಾಲಿ ಉಳಿದು, ಎಂಟು ಎಕರೆ ನೀರಾವರಿ ಇದ್ದವನೂ ಬಡವನಂತೆ ಕಾಣುತ್ತಾನೆ.

ಅವನ ಆದಾಯ ತೋರಿಸುವುದು ಕಷ್ಟವಲ್ಲ. ಮಹಾರಾಷ್ಟ್ರದಲ್ಲಿ ಜಮೀನಿನ ಕಾಗದಕ್ಕೆ ಸಾತಬಾರಾ ಉತಾರ ಎನ್ನುತ್ತಾರೆ. 7ನೇ ನಮೂನೆಯಲ್ಲಿ ಹಕ್ಕುದಾರರ ಹೆಸರು, 12ನೇ ನಮೂನೆಯಲ್ಲಿ ಬೆಳೆ. ನಮ್ಮ ಪಹಣಿಯಂತೆ ಅದೂ ಆನ್‌ಲೈನಿನಲ್ಲಿ ಸಿಗುತ್ತದೆ, ಗಟ್ ನಂಬರು (ಜಮೀನಿನ ನಂಬರು) ಗೊತ್ತಿದ್ದರೆ ಸಾಕು. ಕಬ್ಬು ಯಾವ ಕಾರ್ಖಾನೆಗೆ ಹೋಗುತ್ತದೆ, ಹಾಲು ಯಾವ ಡೇರಿಗೆ, ಬಿಲ್ಲು ಯಾವ ಬ್ಯಾಂಕಿಗೆ ಜಮೆಯಾಗುತ್ತದೆ, ಇವು ಆ ಮನೆಯಲ್ಲಿ ದುಡಿದ ಹೆಣ್ಣುಮಗಳಿಗೆ ಗೊತ್ತೇ ಇರುತ್ತವೆ. ಆದರೆ ಅವಳನ್ನು ಯಾರೂ ಕೇಳುವುದಿಲ್ಲ. ಕೂಡಿಸಿಕೊಂಡು ಕೇಳಿ, ಬರೆದುಕೊಳ್ಳಿ. ಕಾಯ್ದೆಯ 20ನೇ ಕಲಮಿನ 6ನೇ ಉಪಕಲಮು ಬಹಳ ಕಡಿಮೆ ಬಳಕೆಯಾಗುವ ಅಸ್ತ್ರ. ಗಂಡನಿಗೆ ಸಂಬಳ ಕೊಡುವವರಷ್ಟೇ ಅಲ್ಲ, ಅವನಿಗೆ ಹಣ ಕೊಡಬೇಕಾದ ಯಾರಿಗೇ ಆಗಲಿ, ಅದರಲ್ಲೊಂದು ಪಾಲನ್ನು ನೇರವಾಗಿ ಹೆಂಡತಿಗೆ ಕೊಡಿ ಅಥವಾ ಕೋರ್ಟಿನಲ್ಲಿ ಕಟ್ಟಿ ಎಂದು ಮ್ಯಾಜಿಸ್ಟ್ರೇಟರು ಹೇಳಬಹುದು. ಕಬ್ಬಿನ ಬಿಲ್ಲು ಬಾಕಿ ಇಟ್ಟುಕೊಂಡ ಕಾರ್ಖಾನೆ ಅವನಿಗೆ ಸಾಲಗಾರನೇ ಅಲ್ಲವೇ? ಅರ್ಜಿಯಲ್ಲಿ ಕಾರ್ಖಾನೆಯ ಹೆಸರು ಬರೆದು ಈ ಆದೇಶ ಕೇಳಿ. ಗಂಡನ ಮನೆಯಲ್ಲೇ ಉಳಿದ ಅವಳ ಬಂಗಾರ (ತೊಲೆ ಲೆಕ್ಕದಲ್ಲಿ), ಬಾಂಡೆ ಸಾಮಾನಿನ ಯಾದಿಯನ್ನೂ ಅದರಲ್ಲೇ ಸೇರಿಸಿ.

ಸಮನ್ಸಿನ ವಿಷಯ. ಇಲ್ಲಿಂದ ಹೊರಟದ್ದು ಆಚೆಯ ಠಾಣೆಗೆ ಹೋಗಿ, ಎರಡು ತಿಂಗಳ ಮೇಲೆ ‘ಮನೆಗೆ ಬೀಗ, ಕಬ್ಬು ಕಡಿಯಲು ಹೋಗಿದ್ದಾರೆ’ ಎಂಬ ಷರಾ ಹೊತ್ತು ವಾಪಸು ಬರುತ್ತದೆ. ದೀಪಾವಳಿಯ ಹೊತ್ತಿಗೆ ಗ್ಯಾಂಗು ಹೊರಟರೆ ಊರು ಸೇರುವುದು ಮಾರ್ಚ್ ದಾಟಿದ ಮೇಲೆ. ಆ ತಿಂಗಳುಗಳಲ್ಲಿ ಊರಿನ ವಿಳಾಸ ಒಂದನ್ನೇ ಕೊಟ್ಟರೆ ಪ್ರಯೋಜನವಿಲ್ಲ. ಮುಕಾದಮನ (ಗ್ಯಾಂಗಿನ ಮುಖ್ಯಸ್ಥನ) ಹೆಸರು, ಕಾರ್ಖಾನೆಯ ಊರು, ಗಂಡನ ಮೊಬೈಲು ನಂಬರು ಎಲ್ಲವನ್ನೂ ಬರೆಯಿರಿ. ಊರಿನ ಹೆಸರನ್ನು ಮರಾಠಿಯಲ್ಲಿ ಹೇಗೆ ಬರೆಯುತ್ತಾರೋ ಹಾಗೆಯೇ, ತಾಲೂಕು, ಠಾಣೆ, ಪಿನ್‌ಕೋಡ್ ಸಮೇತ ಬರೆಸಿ. ಸಮನ್ಸಿನ ಜೊತೆ ರಜಿಸ್ಟರ್ ಅಂಚೆಯಲ್ಲೂ ಕಳಿಸಲು ಕೋರ್ಟನ್ನು ಕೇಳಿ.

ಪೊಲೀಸರ ಬಾಯಲ್ಲಿ ಮೊದಲು ಬರುವ ಮಾತು ‘ಅದು ನಮ್ಮ ಹದ್ದಿ ಅಲ್ರೀ’. ಇದು ಸರಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಗಂಡನ ಮನೆಯವರ ಕ್ರೌರ್ಯದ ದೂರನ್ನು ಅವಳು ಆಶ್ರಯ ಪಡೆದ ಊರಿನಲ್ಲೇ ನಡೆಸಬಹುದು ಎಂದು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಈ ಕ್ರೌರ್ಯಕ್ಕೆ ಹಾಕುತ್ತಿದ್ದ ಹಳೆಯ ದಂಡ ಸಂಹಿತೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್.ಪಿ.ಯವರಿಗೆ ಅಂಚೆಯಲ್ಲಿ ಕಳಿಸಿ, ಅದರ ರಸೀದಿ ಜೋಪಾನ ಮಾಡಿ. ಆದರೆ ಒಂದು ಮಾತು: ಬಹುತೇಕ ಹೆಣ್ಣುಮಕ್ಕಳಿಗೆ ಬೇಕಿರುವುದು ಗಂಡನ ಜೈಲುವಾಸವಲ್ಲ, ಸೂರು, ಹೊಟ್ಟೆಗೆ ದಾರಿ, ಮಕ್ಕಳು. ಅದು ಸಿಗುವುದು ಡಿ.ವಿ. ಕೇಸಿನಲ್ಲಿ. ಎರಡನ್ನೂ ಹಾಕಬಹುದು, ಆದರೆ ಠಾಣೆಯ ದೂರೊಂದನ್ನೇ ನಂಬಿ ಕೂಡಬಾರದು.

ಗಾಯವಾದರೆ ಈ ಭಾಗದ ಜನ ಓಡುವುದು ಮಿರಜಿನ ಆಸ್ಪತ್ರೆಗೆ. ಅಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದು ಬರೆಸಿದ ಒಂದು ಸಾಲು ಕೇಸಿಗೆ ಬಹಳ ಪೆಟ್ಟು ಕೊಡುತ್ತದೆ. ಜೊತೆಗೆ ಬಂದ ಅತ್ತೆ ಬಾಗಿಲಲ್ಲಿ ನಿಂತಿದ್ದರೆ ನರ್ಸಿಗೆ ಒಬ್ಬಳೇ ಮಾತಾಡಬೇಕೆಂದು ಹೇಳಿ, ಯಾರು ಯಾವುದರಿಂದ ಹೊಡೆದರೆಂದು ಬರೆಸಿ ಎಂ.ಎಲ್.ಸಿ. (ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ಗಾಯದ ದಾಖಲೆ) ಮಾಡಿಸಬೇಕು.

ಇನ್ನೊಂದು ಅನಾಹುತ ಗಂಡನ ಕಡೆಯ ನೋಟೀಸಿನಿಂದ ಆಗುತ್ತದೆ. ಅವನು ಅಲ್ಲಿ ಸೋಡಪತ್ರದ (ವಿಚ್ಛೇದನದ) ಕೇಸು ಹಾಕಿರುತ್ತಾನೆ, ನೋಟೀಸು ಮರಾಠಿಯಲ್ಲಿ ಬರುತ್ತದೆ. ತವರಿನವರು ಓದಲಾಗದೆ ಗೂಡಿನಲ್ಲಿ ಸಿಕ್ಕಿಸುತ್ತಾರೆ, ಇಲ್ಲವೇ ಅಂಚೆಯವರಿಗೆ ಬೇಡವೆಂದು ವಾಪಸು ಕಳಿಸುತ್ತಾರೆ. ಬೇಡವೆಂದರೂ ಮುಟ್ಟಿದಂತೆಯೇ ಲೆಕ್ಕ, ಅವಳಿಲ್ಲದೆಯೇ ಡಿಕ್ರಿಯಾಗುತ್ತದೆ. ತೆಗೆದುಕೊಂಡು ಅದೇ ದಿನ ಓದಿಸಿ. ಆ ಕೇಸನ್ನು ಇಲ್ಲಿಗೆ ತರಿಸಬೇಕೆಂದರೆ, ರಾಜ್ಯ ಬೇರೆಯಾದ್ದರಿಂದ ಸುಪ್ರೀಂ ಕೋರ್ಟಿಗೇ ವರ್ಗಾವಣೆ ಅರ್ಜಿ ಹಾಕಬೇಕು. ಅದಕ್ಕೂ ಉಚಿತ ವಕೀಲರುಂಟು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಆದೇಶ ಬಂದ ಮೇಲೆ ಅದರ ಪ್ರತಿ ಉಚಿತವಾಗಿ ಸಿಗಬೇಕು, ಸಂಬಂಧಪಟ್ಟ ಠಾಣೆಗೂ ಹೋಗಬೇಕು. ಇನ್ನೊಂದು ಪ್ರತಿಯ ಮರಾಠಿ ಅನುವಾದ ಮಾಡಿಸಿಟ್ಟುಕೊಂಡರೆ ಆಚೆಯ ಠಾಣೆಯಲ್ಲಿ ವಾದ ಬೀಳುವುದಿಲ್ಲ. ಹೊಡೆಯಬೇಡ, ಹತ್ತಿರ ಹೋಗಬೇಡ ಎಂಬ ರಕ್ಷಣಾ ಆದೇಶ ಮೀರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೋಟಗಿ ಬಾಕಿಗೆ ದಾರಿ ಬೇರೆ: ವಸೂಲಿ ವಾರಂಟು. ಆ ಅರ್ಜಿಯನ್ನು ಹಣ ಕೊಡಬೇಕಾದ ದಿನದಿಂದ 1 ವರ್ಷದೊಳಗೆ ಹಾಕಬೇಕು. ಮೂರು ವರ್ಷದ್ದು ಒಟ್ಟಿಗೆ ಕೇಳೋಣ ಎಂದು ಕಾದವರಿಗೆ ಹಳೆಯ ಬಾಕಿಯ ವಾರಂಟು ಸಿಗುವುದೇ ಕಷ್ಟ. ಆರಾರು ತಿಂಗಳಿಗೊಮ್ಮೆ ಹಾಕುತ್ತ ಹೋಗಿ, ಅದರಲ್ಲೂ ಕಬ್ಬಿನ ಬಿಲ್ಲು ಜಮೆಯಾಗುವ ಹೊತ್ತು ನೋಡಿ ಹಾಕಿ.