ಕೊಪ್ಪಳದಲ್ಲಿ ಈಗಲೂ ಗ್ರಂಥಾಲಯದ ಕಾರ್ಡ್ ಮಾಡಿಸುವವರು ಇದ್ದಾರೆಯೇ?

ಇದ್ದಾರೆ. ಆದರೆ ಮೊಬೈಲ್ ಬಂದ ಮೇಲೆ ಗ್ರಂಥಾಲಯ ಖಾಲಿಯಾಯಿತೇ ಎಂದೂ ಕೇಳಿದ್ದೀರಿ. ಅದಕ್ಕೆ ಕಾರ್ಡುಗಳನ್ನು ಎಣಿಸಿದರೆ ಸಾಲದು, ಕುರ್ಚಿಗಳನ್ನೂ ನೋಡಬೇಕು.

ನಾನು ಮೊದಲ ಕಾರ್ಡ್ ಮಾಡಿಸಿದಾಗ ನಾವಿನ್ನೂ ರಾಯಚೂರು ಜಿಲ್ಲೆಯಲ್ಲಿದ್ದೆವು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಆಗ ಕಾರ್ಡ್ ಒಬ್ಬರ ಹೆಸರಿನದು, ಓದು ಇಡೀ ಮನೆಯದು. ನಾನು ತಂದ ಕಾದಂಬರಿಯನ್ನು ಮೊದಲು ಅವ್ವ ಓದುತ್ತಿದ್ದಳು, ಆಮೇಲೆ ಪಕ್ಕದ ಮನೆಯ ಚಿಗವ್ವ. ನನ್ನ ಕೈಗೆ ಬರುವಷ್ಟರಲ್ಲಿ ಮರಳಿಸುವ ದಿನ ಬಂದಿರುತ್ತಿತ್ತು.

ಕಳೆದ ತಿಂಗಳು ಅಂಥದೇ ಒಂದು ಹಳೆಯ ಕಾದಂಬರಿಯಲ್ಲಿ ಅಂಟಿಸಿದ್ದ ದಿನಾಂಕದ ಚೀಟಿಯನ್ನು ನೋಡುತ್ತ ನಿಂತೆ. ಮೊದಲ ಚೀಟಿಯ ತುಂಬ ಮೊಹರುಗಳು, ಒಂದರ ಮೇಲೊಂದು ಬಿದ್ದು ಮಸಿ ಹರಡಿದೆ. ಜಾಗ ಸಾಲದೆ ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದಾರೆ. ಅದರಲ್ಲಿರುವುದು ಮೂರೇ ಮೊಹರು, ನಡುವೆ ವರ್ಷಗಳ ಅಂತರ. ಸಂಕಟವಾಯಿತು.

ಅದೇ ಹೊತ್ತಿನಲ್ಲಿ ಓದುವ ಕೊಠಡಿಯಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಹೆಚ್ಚಿನವರು ಹಳ್ಳಿಗಳಿಂದ ಮೊದಲ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಬರುವ ಹುಡುಗ ಹುಡುಗಿಯರು. ಎಫ್‌ಡಿಎ, ಪಿಡಿಒ, ಪಿಎಸ್‌ಐ ಪರೀಕ್ಷೆಗಳ ತಯಾರಿ. ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಸಿಕ್ಕ ಮೇಲೆ ಈ ಆಸೆಗೆ ಬಲ ಬಂತೆಂದು ನನಗನಿಸುತ್ತದೆ. ಗೈಡು, ನೋಟ್ಸು ಎಲ್ಲವೂ ಅವರವೇ. ಬೇಕಾದದ್ದು ಫ್ಯಾನಿನ ಕೆಳಗೊಂದು ಜಾಗ, ಗದ್ದಲವಿಲ್ಲದ ಐದಾರು ಗಂಟೆ. ಕಾರ್ಡ್ ಬೇಕಾಗುವುದು ಪುಸ್ತಕವನ್ನು ಮನೆಗೆ ಒಯ್ಯಲು. ಕೂತು ಓದುವವರಿಗೆ ಅದರ ಹಂಗಿಲ್ಲ. ಹಾಗಾಗಿ ಎರವಲಿನ ಲೆಕ್ಕದಲ್ಲಿ ಇವರು ಕಾಣುವುದೇ ಇಲ್ಲ. ಇವರನ್ನು ಬಿಟ್ಟು "ಓದುವವರಿಲ್ಲ" ಎನ್ನುವುದು ಅನ್ಯಾಯ.

ಹೊಸ ಕಾರ್ಡುಗಳ ಸಂಭ್ರಮ ನೋಡಬೇಕಾದರೆ ಹಳ್ಳಿಗೆ ಹೋಗಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಮೇಲೆ, 2020ರ 'ಓದುವ ಬೆಳಕು' ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಕುಷ್ಟಗಿ ಕಡೆಯ ನನ್ನ ಅಕ್ಕನ ಮಗಳು ತನ್ನ ಕಾರ್ಡನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ತಿರುಗುತ್ತಾಳೆ, ತಮ್ಮನಿಗೆ ಮುಟ್ಟಗೊಡುವುದಿಲ್ಲ.

ನೀವೂ ವಿಳಾಸದ ದಾಖಲೆ, ಭಾವಚಿತ್ರ ಒಯ್ದು ಒಂದು ಕಾರ್ಡ್ ಮಾಡಿಸಿಕೊಳ್ಳಿ. ಕಟ್ಟಿದ ಠೇವಣಿ ಸದಸ್ಯತ್ವ ಬಿಡುವಾಗ ಮರಳಿ ಸಿಗುತ್ತದೆ. ಮನೆ ನಿಮ್ಮದೇ ಆಗಿದ್ದರೆ ಆಸ್ತಿ ತೆರಿಗೆಯ ರಸೀದಿಯನ್ನು ನೋಡಿ: ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನೀವು ಆಗಲೇ ಕಟ್ಟುತ್ತಿದ್ದೀರಿ.